ಎಸ್‌ಎಸ್‌ಬಿ ಗುಂಪು ಪರೀಕ್ಷೆ: ಜಿಟಿಓ ಮೈದಾನದ ಎರಡು ದಿನಕ್ಕೆ ಹಂತ ಹಂತದ ತಯಾರಿ

ಸೇನೆಯಲ್ಲಿ ಅಧಿಕಾರಿಯಾಗಲು ಎನ್‌ಡಿಎ ಅಥವಾ ಸಿಡಿಎಸ್ ಬರಹದ ಪರೀಕ್ಷೆ ಪಾಸಾಗಿ ಎಸ್‌ಎಸ್‌ಬಿಗೆ, ಅಂದರೆ ಸರ್ವಿಸಸ್ ಸೆಲೆಕ್ಷನ್ ಬೋರ್ಡಿನ ಆಯ್ಕೆಗೆ ಹೋಗಿ, ಬರಿಗೈಲಿ ಬಂದವರನ್ನು ಕೇಳಿ ನೋಡಿ. ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಒಂದು, "ಮಾತಾಡೋಕೆ ಚಾನ್ಸೇ ಸಿಗಲಿಲ್ಲ." ಇನ್ನೊಂದು, "ಗುಂಪಲ್ಲಿ ನಾನೇ ಜಾಸ್ತಿ ಮಾತಾಡಿದೆ, ಆದರೂ ತಗೊಳ್ಳಲಿಲ್ಲ." ಇಬ್ಬರೂ ಎಡವಿದ್ದು ಒಂದೇ ಕಡೆ. ಎದುರಿಗಿದ್ದ ಕೆಲಸ ಮುಗಿಯಬೇಕು ಅನ್ನುವುದು ಮರೆತುಹೋಗಿ, ಪಕ್ಕದಲ್ಲಿ ನಿಂತ ಅಧಿಕಾರಿಗೆ ತಾವು ಹೇಗೆ ಕಾಣುತ್ತಿದ್ದೇವೆ ಅನ್ನುವುದೇ ತಲೆಯಲ್ಲಿ ತುಂಬಿತ್ತು.

ಎಸ್‌ಎಸ್‌ಬಿ ಒಟ್ಟು ಐದು ದಿನದ ಆಯ್ಕೆ. ಎನ್‌ಡಿಎಗೆ ಬರಹದ ಪರೀಕ್ಷೆಯ 900 ಅಂಕಕ್ಕೆ ಸಮನಾಗಿ ಇಲ್ಲಿಯೂ 900 ಅಂಕ. ಮನಶ್ಶಾಸ್ತ್ರಜ್ಞರು, ಸಂದರ್ಶನ ಮಾಡುವ ಅಧಿಕಾರಿ, ಗುಂಪು ಪರೀಕ್ಷೆ ನಡೆಸುವ ಜಿಟಿಓ, ಹೀಗೆ ಮೂವರು ನಿಮ್ಮನ್ನು ಬೇರೆ ಬೇರೆಯಾಗಿ ಅಳೆಯುತ್ತಾರೆ. ಮೂವರೂ ಹುಡುಕುವುದು ಅದೇ 15 ಗುಣಗಳನ್ನು. ಈ ಬರಹದಲ್ಲಿ ಜಿಟಿಓ ಭಾಗವನ್ನೇ ಹೆಚ್ಚು ಹಿಡಿದುಕೊಂಡಿದ್ದೇನೆ. ಮನೆಯಲ್ಲಿ ಒಬ್ಬರೇ ಕೂತು ತಯಾರಾಗಲು ಆಗದ ಭಾಗ ಇದೊಂದೇ.

## ಹಂತ 1: ಹೊರಡುವ ಮೊದಲು

ಕಾಗದಪತ್ರ. ಕಾಲ್ ಲೆಟರ್, ಹತ್ತನೇ ತರಗತಿ ಮತ್ತು ಪಿಯುಸಿ ಮೂಲ ಅಂಕಪಟ್ಟಿ, ಗುರುತಿನ ಚೀಟಿ, ಇವೆಲ್ಲದರ ಜೆರಾಕ್ಸ್, ಪಾಸ್‌ಪೋರ್ಟ್ ಅಳತೆಯ ಫೋಟೋ. ಹೆಸರು ಅಥವಾ ಹುಟ್ಟಿದ ದಿನಾಂಕ ಒಂದು ಕಡೆ ಒಂದು ತರ, ಇನ್ನೊಂದು ಕಡೆ ಇನ್ನೊಂದು ತರ ಇದ್ದರೆ ಈಗಲೇ ಸರಿಮಾಡಿಸಿ. ನಮ್ಮಲ್ಲಿ ಅಪ್ಪನ ಹೆಸರು, ಊರ ಹೆಸರು ಇನಿಷಿಯಲ್ ಆಗಿ ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಕೂತಿರುತ್ತದೆ. ಅದನ್ನು ಗೇಟಿನ ಹತ್ತಿರ ವಿವರಿಸುತ್ತಾ ನಿಲ್ಲುವ ಹಾಗೆ ಆಗಬಾರದು. ಒಂದು ಬಗೆಯ ಕಮಿಷನ್‌ಗೆ, ಅಂದರೆ ಅಧಿಕಾರಿಯಾಗಿ ಸೇರುವ ಒಂದು ದಾರಿಗೆ, ಮೊದಲ ಸಲ ಹೋಗುತ್ತಿದ್ದರೆ ಪ್ರಯಾಣ ಭತ್ಯೆ ಸಿಗುತ್ತದೆ, ಟಿಕೆಟ್ ಬಿಸಾಡಬೇಡಿ.

ಬಟ್ಟೆ. ಸಂದರ್ಶನಕ್ಕೆ ಫಾರ್ಮಲ್ ಷರ್ಟು, ಪ್ಯಾಂಟು, ಷೂ. ಮೈದಾನಕ್ಕೆ ಬಿಳಿ ಟೀ ಷರ್ಟು, ಬಿಳಿ ಷೂ, ಕಾಲು ಸಲೀಸಾಗಿ ಎತ್ತಲು ಆಗುವ ಷಾರ್ಟ್ಸ್ ಅಥವಾ ಟ್ರ್ಯಾಕ್ ಪ್ಯಾಂಟು. ಹೊಸ ಷೂ ಹಾಕಿಕೊಂಡು ಮೈದಾನಕ್ಕೆ ಇಳಿಯಬೇಡಿ. ಹೋಗುವ ಮೊದಲು ಕೆಲವು ದಿನ ಅದರಲ್ಲೇ ಓಡಿ ಕಾಲಿಗೆ ಒಗ್ಗಿಸಿಕೊಳ್ಳಿ. ಹಗ್ಗ ಹಿಡಿಯುವವರಿಗೆ ಉಗುರು ಉದ್ದ ಇದ್ದರೂ ಕಷ್ಟ.

ಗುಂಪು. ತಯಾರಿಯ ಮುಖ್ಯ ಸಾಮಾನು ಇದೇ. ಆರು ಜನ ಗೆಳೆಯರನ್ನು ಸೇರಿಸಿಕೊಳ್ಳಿ. ಅವರು ಎಸ್‌ಎಸ್‌ಬಿಗೆ ಹೋಗುವವರೇ ಆಗಬೇಕಿಲ್ಲ. ಒಂದು ಸೆಂಟ್ರಿಂಗ್ ಹಲಗೆ, ಎರಡು ಬಿದಿರು ಗಳ, ಒಂದು ಗಟ್ಟಿ ಹಗ್ಗ, ಹೊರೆಯಾಗಿ ಮರಳು ತುಂಬಿದ ಒಂದು ಚೀಲ ಇದ್ದರೆ ಶಾಲೆ ಮೈದಾನದಲ್ಲೇ ಅಭ್ಯಾಸ ಮಾಡಬಹುದು. ವಿಜಯಪುರ ಅಥವಾ ಕೊಡಗಿನ ಸೈನಿಕ ಶಾಲೆಯಲ್ಲಿ ಓದಿದವರಿಗೆ, ಎನ್‌ಸಿಸಿ ಕ್ಯಾಂಪ್ ಮಾಡಿದವರಿಗೆ ಇಂಥ ಆಟ ಹೊಸದಲ್ಲ. ಉಳಿದವರು ಒಂದೆರಡು ತಿಂಗಳು ಮೈ ಬಗ್ಗಿಸಿದರೆ ಆ ಅಂತರ ತುಂಬಿಹೋಗುತ್ತದೆ.

ಮಾತು. ಗುಂಪಿನಲ್ಲಿ ಇಂಗ್ಲಿಷೇ ಹೆಚ್ಚು ನಡೆಯುತ್ತದೆ, ನಡುನಡುವೆ ಹಿಂದಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಲ್ಲೇ ಗಾಬರಿ ಬೀಳುತ್ತಾರೆ. ನಾಲ್ಕೈದು ಪದದ ಸಣ್ಣ ವಾಕ್ಯ ಸಾಕು ಅನ್ನುವುದನ್ನು ಮೊದಲು ತಲೆಗೆ ಹಾಕಿಕೊಳ್ಳಿ. ದಿನಾ ಹತ್ತು ನಿಮಿಷ ಆ ದಿನದ ಸುದ್ದಿಯನ್ನು ಗಟ್ಟಿಯಾಗಿ ಇಂಗ್ಲಿಷ್‌ನಲ್ಲಿ ಗೆಳೆಯನಿಗೆ ಹೇಳಿ. ಕನ್ನಡಿ ಮುಂದೆ ಹೇಳುವುದರಿಂದ ಅಷ್ಟು ಪ್ರಯೋಜನವಿಲ್ಲ. ಕನ್ನಡಿ ನಡುವೆ ಬಾಯಿ ಹಾಕುವುದಿಲ್ಲ, ಅಲ್ವಾ?

## ಹಂತ 2: ಮೊದಲ ದಿನದ ಸ್ಕ್ರೀನಿಂಗ್

ಬೆಂಗಳೂರಿನ ಸೆಲೆಕ್ಷನ್ ಸೆಂಟರ್ ಇರಲಿ, ಮೈಸೂರಿನ ಏರ್‌ಫೋರ್ಸ್ ಬೋರ್ಡ್ ಇರಲಿ, ಮೊದಲ ದಿನವೇ ದೊಡ್ಡ ಜರಡಿ. ಮೊದಲು ಬುದ್ಧಿಶಕ್ತಿಯ ಪ್ರಶ್ನೆಗಳು. ಆಮೇಲೆ ಪಿಪಿಡಿಟಿ. ಮಸುಕಾದ ಒಂದು ಚಿತ್ರವನ್ನು 30 ಸೆಕೆಂಡ್ ತೋರಿಸುತ್ತಾರೆ. ಅದರಲ್ಲಿ ಕಂಡ ಪಾತ್ರಗಳ ವಯಸ್ಸು, ಗಂಡೋ ಹೆಣ್ಣೋ, ಮನಸ್ಥಿತಿ ಗುರುತಿಸಲು 1 ನಿಮಿಷ, ಕಥೆ ಬರೆಯಲು 4 ನಿಮಿಷ. ನಂತರ ಗುಂಪಿನಲ್ಲಿ ಒಬ್ಬೊಬ್ಬರೂ ತಮ್ಮ ಕಥೆ ಹೇಳಬೇಕು, ಆಮೇಲೆ ಎಲ್ಲರೂ ಸೇರಿ ಒಂದು ಕಥೆಗೆ ಬರಬೇಕು.

ಈ ಚರ್ಚೆ ಎಷ್ಟೋ ಸಲ ಸಂತೆಯಾಗುತ್ತದೆ. ಹೋಗಿ ಬಂದವರು ಇದನ್ನು 'ಫಿಶ್ ಮಾರ್ಕೆಟ್' ಅಂತಲೇ ಕರೆಯುವುದು. ಹತ್ತು ಹದಿನೈದು ಜನ ಒಟ್ಟಿಗೆ ಕೂಗುವಾಗ ಇನ್ನೂ ಗಟ್ಟಿಯಾಗಿ ಕೂಗಿ ಏನೂ ಆಗದು. ಮೂರು ಕೆಲಸ ಮಾಡಿ. ಕಥೆ ಹೇಳುವ ಸರದಿಯಲ್ಲಿ ಪೂರ್ತಿ ಕಥೆಯನ್ನು ತಡವರಿಸದೆ ಒಂದು ನಿಮಿಷದೊಳಗೆ ಮುಗಿಸಿ. ಬೇರೆಯವರ ಕಥೆ ಕೇಳುವಾಗ ಎಲ್ಲಿ ಹೊಂದುತ್ತದೆ ಅಂತ ಗುರುತಿಟ್ಟುಕೊಳ್ಳಿ. ಗಲಾಟೆ ಉಸಿರು ತೆಗೆದುಕೊಳ್ಳುವ ಕ್ಷಣ ಒಂದಾದರೂ ಬರುತ್ತದೆ, ಆಗ "ಮುಖ್ಯ ಪಾತ್ರ ಡಾಕ್ಟರ್ ಅಂತ ಐದು ಜನ ಹೇಳಿದ್ದಾರೆ, ಅಲ್ಲಿಂದ ಶುರು ಮಾಡೋಣ" ಅನ್ನುವಂಥ ಒಂದು ಮಾತು ಒಳಗೆ ಹಾಕಿ. ಇಡೀ ಚರ್ಚೆಯಲ್ಲಿ ಎರಡು ಮೂರು ಸಲ ಹೀಗೆ ಹೇಳಿದರೂ ಆಗುತ್ತದೆ. ಒಂದು ಸಲವೂ ಬಾಯಿ ಬಿಡದಿದ್ದರೆ ಅವತ್ತೇ ಮನೆಗೆ.

ಎರಡನೇ ದಿನ ಮನಶ್ಶಾಸ್ತ್ರದ ಬರಹ ಪರೀಕ್ಷೆಗಳು: 12 ಕಥೆ ಬರೆಯುವುದು, 60 ಪದಕ್ಕೆ ಒಂದೊಂದು ವಾಕ್ಯ, 60 ಸನ್ನಿವೇಶದಲ್ಲಿ ಏನು ಮಾಡುತ್ತೀರಿ ಅನ್ನುವುದು, ಕೊನೆಗೆ ನಿಮ್ಮ ಬಗ್ಗೆ ನೀವೇ ಬರೆಯುವುದು. ಅದಕ್ಕೆ ಬೇರೆಯೇ ಲೇಖನ ಬೇಕು. ಇಲ್ಲಿ ಹೇಳಬೇಕಾದ್ದು ಒಂದೇ. ಅಲ್ಲಿ "ನಾನು ಎಲ್ಲರ ಜೊತೆ ಬೆರೆಯುತ್ತೇನೆ" ಅಂತ ಬರೆದು, ಮರುದಿನ ಮೈದಾನದಲ್ಲಿ ಮೂಲೆ ಹಿಡಿದು ನಿಂತರೆ ಎರಡೂ ತಾಳೆಯಾಗುವುದಿಲ್ಲ. ಕೊನೆಯಲ್ಲಿ ನಿಮ್ಮನ್ನು ಅಳೆದ ಮೂವರೂ ಒಂದೇ ಮೇಜಿಗೆ ಬರುತ್ತಾರೆ.

## ಹಂತ 3: ಗುಂಪು ಚರ್ಚೆ

ಜಿಟಿಓ ಮುಂದೆ ಎಂಟು ಹತ್ತು ಜನ ಅರ್ಧಚಂದ್ರಾಕಾರದಲ್ಲಿ ಕೂರುತ್ತೀರಿ. ಎದೆಯ ಮೇಲೆ ನಂಬರ್ ಇರುತ್ತದೆ. ಎರಡು ವಿಷಯದ ಮೇಲೆ ಚರ್ಚೆ. ಮೊದಲನೆಯದನ್ನು ಕೊಟ್ಟ ಎರಡು ವಿಷಯಗಳಿಂದ ಗುಂಪೇ ಆರಿಸಬೇಕು, ಎರಡನೆಯದನ್ನು ಅವರೇ ಕೊಡುತ್ತಾರೆ.

ಮೊದಲು ಮಾತು ಶುರು ಮಾಡಿದವರಿಗೆ ಅಂಕ ಜಾಸ್ತಿ ಅನ್ನುವುದು ಕೋಚಿಂಗ್‌ನವರು ಹಬ್ಬಿಸಿದ ಮಾತು. ಹೇಳಲು ಏನಾದರೂ ಇದ್ದರೆ ಶುರು ಮಾಡಿ. ಇಲ್ಲದಿದ್ದರೆ ಇಬ್ಬರು ಮಾತಾಡಲಿ, ಅವರು ಬಿಟ್ಟದ್ದನ್ನು ಹಿಡಿಯಿರಿ. ಅಂತರ್ಜಾಲದ ಚಟದ ಬಗ್ಗೆ ಎಲ್ಲರೂ ಶಹರದ ಮಕ್ಕಳ ಕಥೆಯನ್ನೇ ಹೇಳುತ್ತಿದ್ದರೆ, ನಿಮ್ಮ ಹಳ್ಳಿಯ ಹೈಸ್ಕೂಲಿನಲ್ಲಿ ಏನಾಗುತ್ತಿದೆ ಅಂತ ಒಂದು ಉದಾಹರಣೆ ಕೊಡಿ. ಅಂಥದ್ದನ್ನು ಬೇರೆ ಯಾರೂ ಹೇಳಲಾರರು.

ಬಾಯಿಪಾಠದ ವಾಕ್ಯಗಳನ್ನು ಬಿಡಿ. "ಚೆಸ್ಟ್ ನಂಬರ್ 4 ಬಹಳ ಒಳ್ಳೆಯ ವಿಷಯ ಹೇಳಿದರು, ಅದಕ್ಕೆ ನಾನು ಸೇರಿಸಲು ಬಯಸುತ್ತೇನೆ" ಅಂತ ಶುರು ಮಾಡಿ, ಅದೇ ವಿಷಯವನ್ನು ಇನ್ನೊಮ್ಮೆ ಹೇಳುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ದಿನಾ ಇದನ್ನೇ ಕೇಳುವ ಅಧಿಕಾರಿಗೆ ಕೋಚಿಂಗ್ ಕ್ಲಾಸಿನ ವಾಸನೆ ಕೂಡಲೇ ಹೊಡೆಯುತ್ತದೆ.

ಎಚ್ಚರಿಕೆಯ ಗುರುತು: ನೀವು ಮಾತಾಡುವಾಗ ಕಣ್ಣು ಜಿಟಿಓ ಕಡೆ ಹೋಗುತ್ತಿದೆಯಾ? ಹಾಗಾದರೆ ಗುಂಪು ನಿಮ್ಮಿಂದ ತಪ್ಪಿಹೋಗಿದೆ. ಎದುರಿನವರನ್ನು ನೋಡಿ ಮಾತಾಡಿ.

## ಹಂತ 4: ಗುಂಪು ಯೋಜನೆ

ಹೆಚ್ಚು ಜನ ಮುಗ್ಗರಿಸುವ ಜಾಗ ಇದು, ಸ್ವಲ್ಪ ನಿಧಾನವಾಗಿ ನೋಡೋಣ. ನೆಲದ ಮೇಲೆ ಒಂದು ಮಾದರಿ ಇರುತ್ತದೆ: ರಸ್ತೆ, ಹೊಳೆ, ರೈಲು ಹಳಿ, ಹಳ್ಳಿ, ಆಸ್ಪತ್ರೆ. ಜಿಟಿಓ ಒಂದು ಕಥೆ ಓದುತ್ತಾರೆ. ಅದರಲ್ಲಿ ಒಂದರ ಮೇಲೊಂದು ಸಮಸ್ಯೆ. ಓದಿಕೊಳ್ಳಲು 5 ನಿಮಿಷ, ಒಬ್ಬರೇ ಪರಿಹಾರ ಬರೆಯಲು 10 ನಿಮಿಷ, ಆಮೇಲೆ ಗುಂಪು ಚರ್ಚಿಸಿ ಒಂದು ಯೋಜನೆಗೆ ಬರಬೇಕು.

ನಾನೇ ಕಟ್ಟಿದ ಒಂದು ಉದಾಹರಣೆ ಇಟ್ಟುಕೊಳ್ಳಿ. ಮಧ್ಯಾಹ್ನ 2 ಗಂಟೆ. ನೀವು ಎಂಟು ಗೆಳೆಯರು ಒಂದು ಜೀಪಿನಲ್ಲಿದ್ದೀರಿ. 5 ಗಂಟೆಗೆ ಊರ ಶಾಲೆಯ ಕಾರ್ಯಕ್ರಮಕ್ಕೆ ಮೈಕ್ ಸೆಟ್ ತಲುಪಿಸಬೇಕು. ದಾರಿಯಲ್ಲಿ ಒಬ್ಬ ರೈತನಿಗೆ ಹಾವು ಕಚ್ಚಿದೆ. ಪಕ್ಕದ ರೈಲು ಹಳಿಯ ಬೋಲ್ಟ್ ಬಿಚ್ಚಿದ್ದಾರೆ, 2:40ಕ್ಕೆ ರೈಲು ಬರುತ್ತದೆ. ಕಾಡಿನಲ್ಲಿ ಮರಗಳ್ಳರು ಲಾರಿ ತುಂಬುತ್ತಿದ್ದಾರೆ. ರೈಲು ನಿಲ್ದಾಣ 6 ಕಿಲೋಮೀಟರ್, ಅದೇ ರಸ್ತೆಯಲ್ಲಿ ಆಸ್ಪತ್ರೆ 12 ಕಿಲೋಮೀಟರ್, ಇನ್ನೊಂದು ದಿಕ್ಕಿಗೆ ಅರಣ್ಯ ಇಲಾಖೆಯ ಚೌಕಿ 3 ಕಿಲೋಮೀಟರ್.

4.1 ಸಮಸ್ಯೆಗಳನ್ನು ಸಾಲಾಗಿ ಇಡಿ. ಮೊದಲು ನೂರಾರು ಜೀವ, ಆಮೇಲೆ ಒಂದು ಜೀವ, ಆಮೇಲೆ ಸಾರ್ವಜನಿಕ ಆಸ್ತಿ, ಕೊನೆಗೆ ನಿಮ್ಮ ಕೆಲಸ. ಕೊನೆಗೆ ಅಂದ ಮಾತ್ರಕ್ಕೆ ಕೈಬಿಡುವುದಲ್ಲ. ಮೈಕ್ ಸೆಟ್ಟನ್ನು ಮರೆತ ಯೋಜನೆ ಅರ್ಧ ಯೋಜನೆ.

4.2 ಸಮಯ ಲೆಕ್ಕ ಹಾಕಿ. ಜೀಪು ಗಂಟೆಗೆ 40 ಕಿಲೋಮೀಟರ್ ಅಂದರೆ ನಿಲ್ದಾಣಕ್ಕೆ 9 ನಿಮಿಷ, ಆಸ್ಪತ್ರೆಗೆ 18 ನಿಮಿಷ. ನಡಿಗೆ ಗಂಟೆಗೆ 5 ಅಂದರೆ ಚೌಕಿಗೆ 36 ನಿಮಿಷ. ಹೊತ್ತು ಬರೆಯದೆ "ಬೇಗ ಹೋಗಿ ತಿಳಿಸುತ್ತೇವೆ" ಅಂದರೆ ಅದು ಯೋಜನೆಯೇ ಅಲ್ಲ.

4.3 ಜನ ಹಂಚಿ. ಇಬ್ಬರು ಕೆಂಪು ಬಟ್ಟೆ ಹಿಡಿದು, ರೈಲು ಬರುವ ದಿಕ್ಕಿಗೆ ಹಳಿಯ ಪಕ್ಕದಲ್ಲಿ ಓಡುತ್ತಾರೆ. ಇಬ್ಬರು ಚೌಕಿಗೆ. ಉಳಿದ ನಾಲ್ವರು ರೈತನನ್ನು ಕರೆದುಕೊಂಡು ಜೀಪಿನಲ್ಲಿ. 2:09ಕ್ಕೆ ನಿಲ್ದಾಣದಲ್ಲಿ ಇಬ್ಬರು ಇಳಿದು ಸ್ಟೇಷನ್ ಮಾಸ್ಟರ್‌ಗೆ ತಿಳಿಸುತ್ತಾರೆ, ಇಬ್ಬರು ಆಸ್ಪತ್ರೆಗೆ ಮುಂದುವರಿಯುತ್ತಾರೆ. ಜೀಪು ಎರಡು ಕೆಲಸ ಒಂದೇ ದಾರಿಯಲ್ಲಿ ಮುಗಿಸಿತು. ಇದನ್ನು ಕಾಣುವುದೇ ಈ ಪರೀಕ್ಷೆಯ ತಿರುಳು.

4.4 ಮತ್ತೆ ಸೇರುವುದು. ಸುಮಾರು 2:40ಕ್ಕೆ ಆಸ್ಪತ್ರೆಯಿಂದ ಹೊರಟ ಜೀಪು ನಿಲ್ದಾಣದವರನ್ನು ಹತ್ತಿಸಿಕೊಂಡು 3 ಗಂಟೆಯ ಹೊತ್ತಿಗೆ ಹೊರಟ ಜಾಗಕ್ಕೆ ಬರುತ್ತದೆ. ಚೌಕಿಗೆ ಹೋದವರು 3:15ರ ಹೊತ್ತಿಗೆ, ಹಳಿಯ ಕಡೆ ಓಡಿದವರೂ ಅಷ್ಟರೊಳಗೆ ಬಂದು ಸೇರುತ್ತಾರೆ. ಮೈಕ್ ಸೆಟ್ಟಿಗೆ ಇನ್ನೂ ಸಮಯ ಇದೆ.

ಸಾಮಾನ್ಯ ತಪ್ಪುಗಳು ಇವು. ಕಥೆಯಲ್ಲಿ ಇಲ್ಲದ ಮೊಬೈಲನ್ನು ಜೇಬಿನಿಂದ ತೆಗೆಯುವುದು. ಮರಗಳ್ಳರ ಜೊತೆ ತಾವೇ ಹೊಡೆದಾಟಕ್ಕೆ ಹೋಗುವುದು. ಹಾವು ಕಚ್ಚಿದ ಜಾಗ ಕುಯ್ಯುವುದು, ರಕ್ತ ಹೀರುವುದು. ಕೈಕಾಲು ಅಲ್ಲಾಡದಂತೆ ಇಟ್ಟು ಆಸ್ಪತ್ರೆಗೆ ಒಯ್ಯುವುದಷ್ಟೇ ಸರಿ. ಕಾಗದದಲ್ಲಿ ಬರೆದದ್ದಕ್ಕೆ ಕೊನೆವರೆಗೂ ಅಂಟಿಕೊಳ್ಳುವುದು ಇನ್ನೊಂದು ತಪ್ಪು. ಚರ್ಚೆಯಲ್ಲಿ ಬೇರೆಯವರ ದಾರಿ ನಿಮ್ಮದಕ್ಕಿಂತ ಹತ್ತು ನಿಮಿಷ ಉಳಿಸಿದರೆ, "ಇದು ಒಳ್ಳೆಯದು, ಇದನ್ನೇ ಹಿಡಿಯೋಣ" ಅನ್ನಿ. ಹಾಗೆ ಬಿಟ್ಟುಕೊಟ್ಟದ್ದೂ ಲೆಕ್ಕಕ್ಕೆ ಬರುತ್ತದೆ.

ಅಭ್ಯಾಸಕ್ಕೆ ನಿಮ್ಮ ತಾಲ್ಲೂಕಿನ ನಕ್ಷೆ ಸಾಕು. ವಾರಕ್ಕೆ ಎರಡು ಕಥೆ ನೀವೇ ಕಟ್ಟಿ, ಗೆಳೆಯರ ಜೊತೆ ಗಡಿಯಾರ ಇಟ್ಟುಕೊಂಡು ಬಿಡಿಸಿ.

## ಹಂತ 5: ಮೈದಾನದ ಗುಂಪು ಕೆಲಸಗಳು

ಮೊದಲು ಪ್ರೋಗ್ರೆಸಿವ್ ಗ್ರೂಪ್ ಟಾಸ್ಕ್. ನಾಲ್ಕು ಅಡೆತಡೆ, ಒಂದಕ್ಕಿಂತ ಒಂದು ಕಷ್ಟ, ಸುಮಾರು 40 ನಿಮಿಷ. ಕೈಯಲ್ಲಿ ಹಲಗೆ, ಮರದ ಗಳ, ಹಗ್ಗ, ಜೊತೆಗೆ ದಾಟಿಸಬೇಕಾದ ಒಂದು ಹೊರೆ. ಶುರುವಿನ ಗೆರೆಯಿಂದ ಮುಗಿಯುವ ಗೆರೆವರೆಗೆ ನೆಲ ಮುಟ್ಟುವಂತಿಲ್ಲ.

ನಿಯಮಗಳನ್ನು ಅಲ್ಲೇ ಹೇಳುತ್ತಾರೆ, ಆದರೂ ಮೊದಲೇ ಗೊತ್ತಿದ್ದರೆ ತಲೆ ಹಗುರ. ಗುಂಪಿನವರೆಲ್ಲಾ ದಾಟುವವರೆಗೆ ಅಡೆತಡೆ ಮುಗಿದಂತಲ್ಲ. ಬಿಳಿ ಬಣ್ಣ ಬಳಿದ ಜಾಗ ಮುಟ್ಟಬಹುದು, ಕೆಂಪು ಮುಟ್ಟುವಂತಿಲ್ಲ. ಉಳಿದ ಬಣ್ಣಗಳಿಗೆ ಅವರು ಹೇಳುವುದನ್ನು ಕಿವಿಗೊಟ್ಟು ಕೇಳಿ, ಊಹಿಸಬೇಡಿ. 4 ಅಡಿಗಿಂತ ಹೆಚ್ಚಿನ ಅಂತರವನ್ನು ಹಾರಬಾರದು, ಸೇತುವೆ ಹಾಕಬೇಕು. ಎರಡು ಗಟ್ಟಿ ವಸ್ತುಗಳನ್ನು, ಅಂದರೆ ಹಲಗೆ ಮತ್ತು ಗಳವನ್ನು, ಒಂದಕ್ಕೊಂದು ಕಟ್ಟಿ ಉದ್ದ ಮಾಡುವಂತಿಲ್ಲ.

5.1 ಮೊದಲು ನೋಡಿ. ವಿಸಿಲ್ ಆದ ಕೂಡಲೇ ಹಲಗೆಗೆ ಮುಗಿಬೀಳುವವರೇ ಹೆಚ್ಚು. ಹತ್ತು ಸೆಕೆಂಡು ನಿಂತು ಯಾವ ಕಂಬ ಬಿಳಿ, ಎಲ್ಲಿ ಅಂತರ ಕಡಿಮೆ, ಹಲಗೆ ಎಲ್ಲಿಗೆ ನಿಲುಕುತ್ತದೆ ನೋಡಿ.

5.2 ಭಾರದ ಲೆಕ್ಕ. ಅರ್ಧಕ್ಕರ್ಧ ಕಷ್ಟ ಒಂದೇ ತಂತ್ರಕ್ಕೆ ಬಗ್ಗುತ್ತದೆ. ಹಲಗೆಯ ಮುಂದಿನ ತುದಿ ಗಾಳಿಯಲ್ಲಿ ಚಾಚಿರಲಿ, ಹಿಂದಿನ ತುದಿಯ ಮೇಲೆ ಮೂವರು ನಿಲ್ಲಲಿ. ಆಗ ಒಬ್ಬರು ಮುಂದೆ ಹೋಗಿ ಇನ್ನೊಂದು ಗಳ ಇಡಬಹುದು. ಮನೆಯಲ್ಲಿ ಸೆಂಟ್ರಿಂಗ್ ಹಲಗೆ ಇಟ್ಟುಕೊಂಡು, ನೆಲದಿಂದ ಒಂದಡಿ ಎತ್ತರದಲ್ಲಿ ಮಾಡಿ ನೋಡಿ. ಎಷ್ಟು ಚಾಚಿದರೆ ತಪ್ಪುತ್ತದೆ ಅಂತ ಕಾಲಿಗೇ ತಿಳಿಯುತ್ತದೆ.

5.3 ಹೇಳಿ, ಮಾಡಿ ತೋರಿಸಿ. ಉಪಾಯ ಹೊಳೆದರೆ ಒಂದೇ ವಾಕ್ಯದಲ್ಲಿ ಹೇಳಿ, ಕೂಡಲೇ ನೀವೇ ವಸ್ತು ಎತ್ತಿ. ದೂರ ನಿಂತು ಬೆರಳು ತೋರಿಸುವವರ ಮಾತನ್ನು ಗುಂಪು ಕೇಳುವುದಿಲ್ಲ. ಇನ್ನೊಬ್ಬರ ಉಪಾಯ ನಡೆಯುತ್ತಿದ್ದರೆ ಅದಕ್ಕೆ ಹೆಗಲು ಕೊಡಿ, ಅದು ಎಲ್ಲಿ ಕುಸಿಯಬಹುದು ಅಂತ ಕಂಡರೆ ಮೊದಲೇ ಹೇಳಿ.

5.4 ಹಿಂದಿನವರನ್ನು ನೋಡಿ. ಮೊದಲು ದಾಟಿದವರು ಆಚೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರೆ ಇಡೀ ಮೈದಾನಕ್ಕೇ ಕಾಣುತ್ತದೆ. ದಪ್ಪಗಿರುವವರು, ಎತ್ತರಕ್ಕೆ ಹೆದರುವವರು ಗುಂಪಿನಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಕೈ ಕೊಡಿ, ಹೊರೆ ಬಂತಾ ಕೇಳಿ.

ಗೊತ್ತಿಲ್ಲದೆ ಕೆಂಪು ಮುಟ್ಟಿದರೆ ಯಾರೂ ನೋಡಲಿಲ್ಲ ಅಂತ ಮುಂದೆ ಹೋಗಬೇಡಿ. ಹೇಳಿ, ಹಿಂದೆ ಬಂದು ಮತ್ತೆ ದಾಟಿ.

ಇಲ್ಲಿ ಎಚ್ಚರಿಕೆಯ ಗುರುತು ಎರಡಿವೆ. ಮೂರನೇ ಅಡೆತಡೆಗೆ ಬಂದರೂ ನೀವು ಹಲಗೆಯ ತುದಿ ಹಿಡಿಯುವ ಕೆಲಸವನ್ನಷ್ಟೇ ಮಾಡಿದ್ದೀರಿ ಅಂದರೆ, ಈಗಲೇ ಒಂದು ಉಪಾಯ ಬಾಯಿಂದ ಹೊರಗೆ ಬರಬೇಕು. ಎಲ್ಲಾ ಅಡೆತಡೆಗೂ ನಿಮ್ಮ ಮಾತೇ ನಡೆದು, ಇಬ್ಬರು ಸುಮ್ಮನೆ ನಿಂತಿದ್ದಾರೆ ಅಂದರೆ, ಅವರಿಗೆ ಕೆಲಸ ಹಂಚಿ.

ಗುಂಪಿನ ಓಟದ ಸ್ಪರ್ಧೆಯಲ್ಲಿ 'ಸ್ನೇಕ್' ಅನ್ನುವ ಉದ್ದನೆಯ ಹೊರೆಯನ್ನು ಎಲ್ಲರೂ ಹೊತ್ತು ಬೇರೆ ಗುಂಪುಗಳ ಜೊತೆ ಓಡಬೇಕು. ಇದು ಖುಷಿಯ ಆಟ. ನೆಲಕ್ಕೆ ತಾಗಿಸಬೇಡಿ, ಮಡಚಬೇಡಿ, ಗೆಲ್ಲುವ ಅವಸರದಲ್ಲಿ ನಿಯಮ ಮುರಿಯಬೇಡಿ. ಹಾಫ್ ಗ್ರೂಪ್ ಟಾಸ್ಕ್‌ನಲ್ಲಿ ಗುಂಪು ಅರ್ಧವಾಗುತ್ತದೆ. ಅಲ್ಲಿಯವರೆಗೆ ಮಾತಾಡಲು ಜಾಗ ಸಿಗದವರಿಗೆ ಅದೇ ಒಳ್ಳೆಯ ಅವಕಾಶ, ನಾಲ್ಕೈದು ಜನರ ನಡುವೆ ನಿಮ್ಮ ದನಿ ಕೇಳಿಸಿಯೇ ಕೇಳಿಸುತ್ತದೆ.

## ಹಂತ 6: ಲೆಕ್ಚರೆಟ್

ಕಾರ್ಡಿನಲ್ಲಿ ನಾಲ್ಕು ವಿಷಯ. ಒಂದನ್ನು ಆರಿಸಿ, 3 ನಿಮಿಷ ಯೋಚಿಸಿ, 3 ನಿಮಿಷ ಗುಂಪಿನ ಮುಂದೆ ಮಾತಾಡಬೇಕು. ಕಷ್ಟದ ವಿಷಯ ಆರಿಸಿದರೆ ಮೆಚ್ಚುತ್ತಾರೆ ಅಂತ ಗೊತ್ತಿಲ್ಲದ್ದನ್ನು ಹಿಡಿದು ಒಂದೇ ನಿಮಿಷಕ್ಕೆ ಬರಿದಾಗಬೇಡಿ. ಮೂರು ನಿಮಿಷ ಅಂದರೆ ನಿಧಾನದ ಮಾತಿಗೆ ಸುಮಾರು 350 ಪದ. ವಿಷಯ ಏನು, ಯಾಕೆ ಮುಖ್ಯ, ಎರಡು ಮೂರು ಅಂಶ, ನಿಮ್ಮ ಅಭಿಪ್ರಾಯ, ಈ ನಾಲ್ಕು ಗೂಟ ನೆಟ್ಟುಕೊಂಡರೆ ಸಾಕು. ಎರಡೂವರೆ ನಿಮಿಷಕ್ಕೆ ಎಚ್ಚರಿಕೆ ಕೊಡುತ್ತಾರೆ, ಆಗ ಹೊಸ ಅಂಶ ಶುರು ಮಾಡಬೇಡಿ.

## ಹಂತ 7: ಒಬ್ಬೊಬ್ಬರ ಅಡೆತಡೆ ಮತ್ತು ಕಮಾಂಡ್ ಟಾಸ್ಕ್

ಹತ್ತು ಅಡೆತಡೆ, 3 ನಿಮಿಷ. 1ರಿಂದ 10ರವರೆಗೆ ನಂಬರ್, ನಂಬರ್ ಎಷ್ಟೋ ಅಂಕ ಅಷ್ಟು. ಎಲ್ಲಾ ಮುಗಿಸಿದರೆ ಒಟ್ಟು 55. ಅಡೆತಡೆಗಳನ್ನು ತೋರಿಸುವಾಗಲೇ ನಿಮ್ಮ ದಾರಿ ಗುರುತು ಮಾಡಿಕೊಳ್ಳಿ. ದೊಡ್ಡ ಅಂಕದವು ಎಲ್ಲಿವೆ, ಪಕ್ಕಪಕ್ಕದಲ್ಲಿ ಯಾವುವು ಇವೆ ಅಂತ ನೋಡಿ. ಒಂದರಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹೆಣಗಾಡದೆ ಮುಂದಿನದಕ್ಕೆ ಓಡಿ. ಹಗ್ಗ ಹತ್ತುವುದನ್ನು ಮಾತ್ರ ಮನೆಯಲ್ಲೇ ಕಲಿತು ಹೋಗಬೇಕು, ಅಲ್ಲಿ ಕಲಿಯಲು ಸಮಯವಿಲ್ಲ. ಊರಿನ ಗರಡಿ ಮನೆಯಲ್ಲಿ ಹಗ್ಗ ಇದ್ದರೆ ಕೇಳಿ ನೋಡಿ, ಇಲ್ಲದಿದ್ದರೆ ಗಟ್ಟಿ ಮಾವಿನ ಕೊಂಬೆ. ಎತ್ತರದಿಂದ ಹಾರುವಾಗ ಎರಡೂ ಕಾಲು ಜೋಡಿಸಿ, ಮಂಡಿ ಬಗ್ಗಿಸಿ ಇಳಿಯಿರಿ. ಪಾದ ಉಳುಕಿಸಿಕೊಂಡು ಆಮೇಲಿನ ಕಮಾಂಡ್ ಟಾಸ್ಕ್‌ನಲ್ಲಿ ಕುಂಟುವುದು ಬೇಡ.

ಕಮಾಂಡ್ ಟಾಸ್ಕ್‌ನಲ್ಲಿ ನೀವೇ ಕಮಾಂಡರ್. ಗುಂಪಿನಿಂದ ಇಬ್ಬರು ಸಹಾಯಕರನ್ನು ಆರಿಸಬೇಕು. ಗೆಳೆತನ ನೋಡಿ ಆರಿಸಬೇಡಿ. ಹಿಂದಿನ ದಿನ ಹೇಳಿದ್ದನ್ನು ಕೇಳಿ ಸರಿಯಾಗಿ ಮಾಡಿದವರು ಯಾರು ಅಂತ ನೆನಪಿಸಿಕೊಳ್ಳಿ. ಅವರು ಬಂದ ಕೂಡಲೇ ಅಡೆತಡೆ, ನಿಯಮ, ನಿಮ್ಮ ಯೋಜನೆ ಮೂರನ್ನೂ ವಿವರಿಸಿ, ಆಮೇಲೆ ಹಲಗೆ ಎತ್ತಿಸಿ. ನಡುವೆ ಜಿಟಿಓ ಬಂದು "ಈ ಕಂಬ ಇನ್ನು ಬಳಸುವಂತಿಲ್ಲ" ಅನ್ನಬಹುದು. ಆಗ ಮುಖ ಸಪ್ಪಗಾಗುತ್ತದೆಯೋ, ಇನ್ನೊಂದು ದಾರಿ ಹುಡುಕುತ್ತೀರೋ ಅನ್ನುವುದನ್ನೇ ಅವರು ನೋಡುವುದು. ಬೇರೆಯವರು ನಿಮ್ಮನ್ನು ಸಹಾಯಕರಾಗಿ ಕರೆದರೆ, ಅವರ ಕಮಾಂಡ್ ಕಿತ್ತುಕೊಳ್ಳದೆ ಹೇಳಿದ್ದನ್ನು ಮಾಡಿ. ಕೇಳಿದರೆ ಮಾತ್ರ ಉಪಾಯ ಕೊಡಿ.

ಕೊನೆಯ ಗುಂಪು ಕೆಲಸ ಮೊದಲಿನ ತರದ್ದೇ, ಒಂದೇ ಅಡೆತಡೆ. ಆ ಹೊತ್ತಿಗೆ ಎಲ್ಲರೂ ಸುಸ್ತು. ಅಲ್ಲಿ ಉತ್ಸಾಹ ಉಳಿಸಿಕೊಂಡವರು ಎದ್ದು ಕಾಣುತ್ತಾರೆ, ಹಾಗಾಗಿ ಮಧ್ಯದಲ್ಲಿ ಬಾಳೆಹಣ್ಣು, ನೀರು ಬಿಡಬೇಡಿ.

## ಹಂತ 8: ಕಾನ್ಫರೆನ್ಸ್ ಮತ್ತು ಅದರ ನಂತರ

ಐದನೇ ದಿನ ಬೋರ್ಡಿನ ಅಧಿಕಾರಿಗಳೆಲ್ಲಾ ಸೇರಿ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಾರೆ. ಕೆಲವರಿಗೆ ಊಟ ಹೇಗಿತ್ತು, ಗೆಳೆಯರು ಆದರಾ ಅಂತ ಕೇಳಿ ಕಳಿಸುತ್ತಾರೆ. ಕೆಲವರಿಗೆ ಪ್ರಶ್ನೆ ಜಾಸ್ತಿ. ಒಳಗೆ ಎಷ್ಟು ಹೊತ್ತು ಇಟ್ಟುಕೊಂಡರು ಅನ್ನುವುದರಿಂದ ಫಲಿತಾಂಶ ಅಳೆಯಬೇಡಿ. ಅವತ್ತೇ ಹೆಸರು ಓದುತ್ತಾರೆ. ರೆಕಮೆಂಡ್ ಆದವರಿಗೆ ಮುಂದೆ ವೈದ್ಯಕೀಯ ಪರೀಕ್ಷೆ ಇರುತ್ತದೆ, ಹಾಗಾಗಿ ಹಲ್ಲು, ಕಿವಿ, ಕಣ್ಣಿನ ತೊಂದರೆ ಏನಾದರೂ ಇದ್ದರೆ ಎಸ್‌ಎಸ್‌ಬಿಗೆ ಹೋಗುವ ಮೊದಲೇ ಡಾಕ್ಟರ್‌ಗೆ ತೋರಿಸಿ.

ಹೆಸರು ಬರದಿದ್ದರೆ, ವಾಪಸ್ ಬರುವ ರೈಲಿನಲ್ಲೇ ಒಂದು ನೋಟ್‌ಬುಕ್ ತೆಗೆಯಿರಿ. ನಿಮ್ಮ ಸ್ವಂತ ವಿವರ ತುಂಬುವ ಪಿಐಕ್ಯೂ ಫಾರಂನಲ್ಲಿ ಏನೇನು ಬರೆದಿರಿ, ಚರ್ಚೆಯ ವಿಷಯ ಯಾವುದು, ಯೋಜನೆಯ ನಕ್ಷೆ ಹೇಗಿತ್ತು, ಪ್ರತಿ ಅಡೆತಡೆಯಲ್ಲಿ ನೀವು ಹೇಳಿದ ಉಪಾಯ ಯಾವುದು, ಯಾವುದನ್ನು ಹೇಳದೆ ನುಂಗಿಕೊಂಡಿರಿ, ಅಷ್ಟನ್ನೂ ಬರೆದಿಡಿ. ಎರಡು ದಿನ ಕಳೆದರೆ ಅರ್ಧ ಮರೆತುಹೋಗುತ್ತದೆ. ಮುಂದಿನ ಸಲ ಅದೇ ಆರು ಜನ ಗೆಳೆಯರನ್ನು ಸೇರಿಸಿ, ನುಂಗಿಕೊಂಡ ಮಾತುಗಳ ಪಟ್ಟಿಯಿಂದಲೇ ಅಭ್ಯಾಸ ಶುರು ಮಾಡಿ.